ಶ್ರೀ ಶೇಕಡಾ ನಲವತ್ತು ಅವರ ಸನ್ನಿಧಾನಕ್ಕೆ

ಪ್ರಾತಃಸ್ಮರಣೀಯರೂ, ದವಾಖಾನೆಯಿಂದ ತಹಶೀಲು ಕಚೇರಿಯವರೆಗೆ ಸರ್ವತ್ರ ಪೂಜಿತರೂ ಆದ ಶ್ರೀ ಶೇಕಡಾ ನಲವತ್ತು ಅವರ ದಿವ್ಯ ಸನ್ನಿಧಾನಕ್ಕೆ ನಾರಾಯಣಖೇಡ ಸೀಮೆಯ ಒಬ್ಬ ಒಣಬೇಸಾಯದ ರೈತ ಮಾಡುವ ಅನಂತ ನಮಸ್ಕಾರಗಳು. ಕೈ ಜೋಡಿಸುವಾಗ ಬಲಗಡೆ ಎರಡೂವರೆ ಬೆರಳು ಕಡಿಮೆ ಬೀಳುತ್ತವೆ. ಭಕ್ತಿಯಲ್ಲಿ ಕೊರತೆಯಿಲ್ಲ ಎಂದು ತಿಳಿಯಬೇಕು. ಇತ್ತ ಎಲ್ಲರೂ ಕ್ಷೇಮ. ಹೊಲ ಹರಗಿ ಬಿಟ್ಟಿದೆ, ಮಳೆಯ ದಾರಿ ನೋಡುತ್ತಿದ್ದೇವೆ. ತಮ್ಮ ಕ್ಷೇಮ ವಿಚಾರಿಸುವ ಧೈರ್ಯ ಮಾಡುವುದಿಲ್ಲ. ಮೂವತ್ತು ವರ್ಷವಾದರೂ ಒಂದು ಅಂಶ ಏರದೆ, ಒಂದು ಅಂಶ ಇಳಿಯದೆ ಇರುವವರಿಗೆ ಎಂಥ ನೆಗಡಿ, ಎಂಥ ಕೆಮ್ಮು?

ತಮ್ಮ ಮಹಿಮೆ ತಿಳಿಯದ ಓದುಗರೂ ಇರಬಹುದು, ಅವರಿಗಾಗಿ ಎರಡು ಮಾತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಹೊಸ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಹೆಸರುಗಳು ಬದಲಾದವು, ಗೌರವದ ಮಾತುಗಳು ಬದಲಾದವು, ಫಾರಂಗಳು ಬದಲಾದವು. ಸವಲತ್ತಿಗೆ ಕನಿಷ್ಠ ಇಷ್ಟು ವೈಕಲ್ಯ ಬೇಕೆಂಬ ಹೊಸ್ತಿಲಲ್ಲಿ ಕದಲದೆ ಕೂತವರು ತಾವೊಬ್ಬರೇ. ಮೀಸಲು ಬೇಕೆ, ಪಿಂಚಣಿ ಬೇಕೆ, ಬಸ್ ಪಾಸ್ ಬೇಕೆ, ಮೊದಲು ತಮ್ಮ ಪಾದ ಮುಟ್ಟಿ ಬರಬೇಕು. ನಮ್ಮ ತೆಲಂಗಾಣದಲ್ಲಿ ತಮ್ಮನ್ನು ದಾಟಿದವರಿಗೆ ತಿಂಗಳಿಗೆ 4,016 ರೂಪಾಯಿ ಪಿಂಚಣಿ. 39ರಲ್ಲಿ ನಿಂತವರಿಗೆ ತಮ್ಮ ದೂರದರ್ಶನ. ಆ ಒಂದು ಅಂಶದ ಬೆಲೆ ವರ್ಷಕ್ಕೆ 48,192 ರೂಪಾಯಿ. ತಾಂಡೂರಿನ ಅಡತಿ ಅಂಗಡಿಯಲ್ಲಿ ಕೂಡ ಇಷ್ಟು ಸಣ್ಣ ತೂಕಕ್ಕೆ ಇಷ್ಟು ದೊಡ್ಡ ದರ ಕೇಳಿದವರಿಲ್ಲ.

ನನ್ನ ಬೆರಳುಗಳು ಹೋದದ್ದು ರಾಶಿ ಮಷೀನಿನಲ್ಲಿ, ಬಿಳಿಜೋಳದ ತೆನೆ ಒಡ್ಡುವಾಗ. ಇದರಲ್ಲೂ ಸರ್ಕಾರದ ಋಣ ನನ್ನ ಮೇಲಿದೆ. ಇಂಥ ಮಷೀನುಗಳಿಗಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಕೈ ಡ್ರಮ್ಮಿಗೆ ಎಟುಕದಂತೆ ಬಾಯಿ ಉದ್ದವಿರಬೇಕು, ಮೇಲೆ ಮುಚ್ಚಿಗೆ ಇರಬೇಕು ಎಂಬುದು ಆಗಿನಿಂದಲೂ ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮೂರಿಗೆ ಬಾಡಿಗೆಗೆ ಬರುತ್ತಿದ್ದ ಮಷೀನಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಅದರ ಮುಚ್ಚಿಗೆಯನ್ನು ಕೆಲಸ ನಿಧಾನವಾಗುತ್ತದೆಂದು ಕಿತ್ತು ದನದ ಕೊಟ್ಟಿಗೆಯ ಕಿಂಡಿಗೆ ಹೊಂದಿಸಿದ್ದರು. ಕೊಟ್ಟಿಗೆಗೆ ಮಳೆ ಬೀಳುತ್ತಿರಲಿಲ್ಲ, ಅಷ್ಟರಮಟ್ಟಿಗೆ ಕಾಯ್ದೆ ಉಪಯೋಗಕ್ಕೆ ಬಂತು.

ಗಾಯ ಮಾಗಿದ ಮೇಲೆ ತಮ್ಮ ದರ್ಶನಕ್ಕೆ ಹೊರಟೆ. ಮೀ-ಸೇವಾದಲ್ಲಿ ಸ್ಲಾಟು, ಆಮೇಲೆ ಜಿಲ್ಲೆಯ ಒಂದು ದವಾಖಾನೆಯಲ್ಲಿ ವೈಕಲ್ಯ ಅಳೆದು ಸರ್ಟಿಫಿಕೇಟು ಕೊಡುವ ಸದರಂ ಶಿಬಿರ. ಸಾಲಿನಲ್ಲಿ ಕಾಲಿಲ್ಲದವರು ನಿಂತಿದ್ದರು, ಕಣ್ಣಿಲ್ಲದವರು ಟೋಕನ್ ನಂಬರು ನೋಡುತ್ತಿದ್ದರು. ಡಾಕ್ಟರರು ಸಜ್ಜನರು. ಅವರ ಮೇಲೆ ನನಗೆ ದೂರಿಲ್ಲ. ಅವರು ತಮ್ಮ ಅರ್ಚಕರು ಮಾತ್ರ, ಮಂತ್ರ ತಮ್ಮದು. ಆ ಮಂತ್ರ ಕೇಳಿ ಪುಲಕಿತನಾದೆ. ಕೈಯ ವೈಕಲ್ಯ ಅಳೆಯಲು ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಹತ್ತು ಕೆಲಸಗಳ ಒಂದು ಪಟ್ಟಿ ಇದೆ, ಒಂದೊಂದಕ್ಕೆ 9 ಅಂಕ. ತಲೆಯ ಮೇಲಿನ ವಸ್ತು ಎತ್ತಿ ಇಡುವುದು, ಮೂಗು ಮುಟ್ಟುವುದು, ನಮ್ಮ ಪದ್ಧತಿಯಂತೆ ಕೈಯಿಂದ ಉಣ್ಣುವುದು, ತಲೆ ಬಾಚಿ ಜಡೆ ಹೆಣೆಯುವುದು, ಅಂಗಿ ತೊಡುವುದು, ಶೌಚ ತೊಳೆಯುವುದು, ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿಯೋ ಧೋತರವೋ ಕಟ್ಟುವುದು, ಬರೆಯುವುದು.

ಎಷ್ಟು ಅಂತಃಕರಣದ ಪಟ್ಟಿ! ನಾನು ಮೂಗು ಮುಟ್ಟಿಕೊಂಡೆ. ನೀರು ಕುಡಿದೆ. ಎಡಗೈಯ ನೆರವಿನಿಂದ ಗುಂಡಿ ಹಾಕಿದೆ. ಜಡೆ ನನಗಿಲ್ಲದ್ದರಿಂದ ಆ ಪರೀಕ್ಷೆ ಹಗುರಾಯಿತು. ಕುಡುಗೋಲು ಹಿಡಿಯಲು ಬರುತ್ತದೆಯೇ ಎಂದು ಪಟ್ಟಿ ಕೇಳಲಿಲ್ಲ. ಎಮ್ಮೆ ಹಿಂಡಲು, ಕುಂಟೆಯ ಮೇಳಿ ಒತ್ತಿ ಹಿಡಿಯಲು, ಕೂರಿಗೆಯ ಬಟ್ಟಲಿಗೆ ಬೀಜ ಒಂದೇ ಸಮ ಬಿಡಲು, ತೊಗರಿಯ ಕುಡಿ ಚಿವುಟಲು, ಒಂದು ಕೈಲಿ ಪಂಪಿನ ಹಿಡಿಕೆ ಆಡಿಸುತ್ತ ಇನ್ನೊಂದರಲ್ಲಿ ಔಷಧಿ ಹೊಡೆಯಲು ಬರುತ್ತದೆಯೇ? ಇದ್ಯಾವುದೂ ಪಟ್ಟಿಯಲ್ಲಿಲ್ಲ. ತೋರುಬೆರಳು, ನಡುಬೆರಳು ಇಲ್ಲದವನಿಗೆ ಬೀಜ ಬಿಡುವುದೆಂದರೆ ಏನೆಂದು ಬಿತ್ತಿದವರಿಗೆ ಗೊತ್ತು. ಸಾಲು ತುಂಬ ಒಂದು ಕಡೆ ದಟ್ಟ, ಒಂದು ಕಡೆ ಬೋಳು. ಊರಿನವರು ಆಚೆ ದಾರಿಯಲ್ಲಿ ನಿಂತೇ ಓದಿಬಿಡುತ್ತಾರೆ, ಇದು ಯಾರ ಬಿತ್ತನೆ ಎಂದು. ಆದರೆ ಪೆನ್ನು ಹಿಡಿದು ನನ್ನ ಹೆಸರು ಬರೆದು ತೋರಿಸಿದೆನಲ್ಲ! ಅದೂ ಕನ್ನಡದಲ್ಲಿ ಬರೆದೆ. ಅಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ, ಅಂಕ ಮಾತ್ರ ನ್ಯಾಯವಾಗಿ ಕೊಟ್ಟರು. ಕೊನೆಗೆ ನನಗೆ ದಕ್ಕಿದ್ದು 31. ತಮ್ಮ ಹೊಸ್ತಿಲಿನಿಂದ ಒಂಬತ್ತು ಮೆಟ್ಟಿಲು ಕೆಳಗೆ. ಇನ್ನೊಂದು ಬೆರಳನ್ನು ಮಷೀನಿಗೆ ಕೊಡಬೇಕಿತ್ತೇನೋ ಎಂದು ನನ್ನ ಹೆಂಡತಿ ಬಸ್ಸಿನಲ್ಲಿ ಕೇಳಿದಳು. ತಮಾಷೆಗೆ ಕೇಳಿದಳೋ, ಲೆಕ್ಕ ಹಾಕಿ ಕೇಳಿದಳೋ ನಾನು ವಿಚಾರಿಸಲಿಲ್ಲ.

ತಮ್ಮ ಗಣಿತಕ್ಕೂ ಒಂದು ನಮಸ್ಕಾರ ಸಲ್ಲಬೇಕು. ಒಂದು ಕಣ್ಣು ಸರಿಯಿದ್ದು ಇನ್ನೊಂದು ಪೂರ್ತಿ ಹೋದವನಿಗೆ ತಾವು ಕೊಡಮಾಡುವುದು 30. ಕೊಯ್ಯುವಾಗ ಸಿಡಿದ ಜೋಳದ ಸಿಬಿರು, ಎತ್ತಿನ ಕೋಡು, ಔಷಧಿಯ ಹನಿ, ಕಣ್ಣು ಹೋಗುವುದಕ್ಕೆ ಹೊಲದಲ್ಲಿ ಕಾರಣಗಳು ಹಲವು. ಅಂಥವನಿಗೆ ಬೆರಳೂ ಹೋಗಿ ಅದಕ್ಕೊಂದು 12 ಬಂತೆಂದು ಇಟ್ಟುಕೊಳ್ಳೋಣ. ನಮ್ಮ ಸಾಲಿಯ ಮಾಸ್ತರು ಕಲಿಸಿದಂತೆ ಕೂಡಿದರೆ 42, ಹೊಸ್ತಿಲು ದಾಟಿದ ಹಾಗೆ. ಆದರೆ ತಮ್ಮಲ್ಲಿ ಕೂಡುವ ಸೂತ್ರವೇ ಬೇರೆ: ದೊಡ್ಡದನ್ನು 90ರಲ್ಲಿ ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. 12 ಹೋಗಿ 8 ಆಗುತ್ತದೆ, ಒಟ್ಟು 38. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಕಾರಣ ಇದೆಯಂತೆ, ನಾನು ಅಲ್ಲಗಳೆಯುವುದಿಲ್ಲ. ಒಕ್ಕಣ್ಣಿನಿಂದ ಅಂದಾಜು ತಪ್ಪಿ, ಇಲ್ಲದ ಬೆರಳಿನಿಂದ ಹಿಡಿತ ತಪ್ಪಿ ಕುಡುಗೋಲು ಮೊಣಕಾಲಿಗೆ ಬಡಿದಾಗ ಆ ಎರಡೂ ಕೊರತೆಗಳು ಮಾಸ್ತರರ ಹಾಗೆ ಕೂಡುವುದೂ ಇಲ್ಲ, ತಮ್ಮ ಹಾಗೆ ಕೂಡುವುದೂ ಇಲ್ಲ; ಒಂದನ್ನೊಂದು ಗುಣಿಸುತ್ತವೆ.

ಹೆಬ್ಬೆರಳು ಉಳಿದದ್ದಕ್ಕೆ ಕೇತಕಿ ಸಂಗಮೇಶ್ವರನಿಗೆ ಕಾಯಿ ಒಡೆಸಿ ಬಂದಿದ್ದೇನೆ. 2018ರಿಂದ ಯೂರಿಯಾ ಚೀಲವೂ ಹೆಬ್ಬೆಟ್ಟು ಕೇಳುತ್ತದೆ.

ಇನ್ನು ವಿಮೆಯ ವಿಷಯ. ಇದನ್ನು ಹೇಳುವಾಗ ಕೃತಜ್ಞತೆಯಿಂದ ಗಂಟಲು ಕಟ್ಟುತ್ತದೆ. 2018ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ ರೈತು ಬೀಮಾ ಇದೆ. ಪಟ್ಟಾ ಪಾಸ್‌ಬುಕ್ ಇರುವ, 18ರಿಂದ 59 ವರ್ಷದ ರೈತ ಯಾವ ಕಾರಣದಿಂದ ಸತ್ತರೂ ಮನೆಯವರಿಗೆ 5 ಲಕ್ಷ ರೂಪಾಯಿ. ಕಂತು ಕಟ್ಟುವುದು ಸರ್ಕಾರ, ಹಣ ಕೊಡುವುದು ಜೀವ ವಿಮಾ ನಿಗಮ. ಹಾವು ಕಚ್ಚಲಿ, ಹೃದಯ ನಿಲ್ಲಲಿ, ಪ್ರಶ್ನೆಯಿಲ್ಲ. ದೇಶದಲ್ಲಿ ಇಂಥದ್ದು ಅಪರೂಪ, ಎಷ್ಟೋ ಮನೆಗಳ ಒಲೆ ಇದರಿಂದ ಉರಿದಿದೆ. ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಷರತ್ತು ಒಂದೇ: ಸಾಯಬೇಕು. ಮಷೀನಿಗೆ ಕೈ ಕೊಟ್ಟು ಬದುಕಿ ಬಂದವನಿಗೆ, ಮೋಟಾರಿನ ಕರೆಂಟು ಹೊಡೆದು ತೋಳು ಕತ್ತರಿಸಿಕೊಂಡವನಿಗೆ, ಬಾವಿಗೆ ಬಿದ್ದು ಸೊಂಟದ ಕೆಳಗೆ ಸತ್ತವನಿಗೆ ಅದರಲ್ಲಿ ಸಾಲಿಲ್ಲ. ಅರ್ಧ ಸತ್ತವನಿಗೆ ಅರ್ಧ ವಿಮೆ ಕೂಡ ಇಲ್ಲ. ಕೇಂದ್ರದ ಪ್ರಧಾನಮಂತ್ರಿ ಸುರಕ್ಷಾ ಬೀಮಾ ವರ್ಷಕ್ಕೆ 20 ರೂಪಾಯಿಗೆ ಸಿಗುತ್ತದೆ. ಅಪಘಾತದಲ್ಲಿ ಎರಡೂ ಕೈ, ಎರಡೂ ಕಾಲು ಅಥವಾ ಎರಡೂ ಕಣ್ಣು ಹೋದರೆ ಅದರಲ್ಲಿ 2 ಲಕ್ಷ, ಒಂದು ಹೋದರೆ 1 ಲಕ್ಷ. ಬೆರಳು ಕೇಳಬಾರದು, ಚಿಲ್ಲರೆ ವ್ಯಾಪಾರ ಇಲ್ಲ.

ನನ್ನ ಸಮಾಧಾನಕ್ಕೆ ಎತ್ತಿನ ವಿಮೆಯ ಕಾಗದ ತೆಗೆದು ಓದಿದೆ, ಮಹಾಪ್ರಭು. ಓದಬಾರದಿತ್ತು. ಸ್ವಲ್ಪ ಹೆಚ್ಚು ಕಂತು ಕಟ್ಟಿದರೆ ನಮ್ಮ ದೇಶದ ಪಶುವಿಮೆಯಲ್ಲಿ ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರ ಉಂಟು. ಹಾಲಿನ ಎಮ್ಮೆಗಾದರೆ ಹಾಲು ಕೊಡುವ ಶಕ್ತಿ ಪೂರ್ತಿ ಹೋಗಿರಬೇಕು. ಎತ್ತಿಗಾದರೆ, ಯಾವ ಕೆಲಸಕ್ಕೆಂದು ಅರ್ಜಿಯಲ್ಲಿ ಬರೆಸಿದೆಯೋ ಆ ಕೆಲಸಕ್ಕೆ ಅದು ಶಾಶ್ವತವಾಗಿ ಬಾರದಂತಾಗಿರಬೇಕು. ಎತ್ತಿನ ಅರ್ಜಿಯಲ್ಲಿ ಕೆಲಸ ಬರೆಯಲು ಒಂದು ಖಾನೆ ಇದೆ. ನನ್ನ ಎತ್ತಿಗೆ ಜಡೆ ಹೆಣೆಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನೊಗಕ್ಕೆ ಹೆಗಲು ಕೊಡುತ್ತದೆಯೋ ಇಲ್ಲವೋ ಅಷ್ಟೇ. ಇಪ್ಪತ್ತು ವರ್ಷ ಎತ್ತುಗಳ ಹಿಂದೆ ಬಾರಕೋಲು ಹಿಡಿದು ನಡೆದವನಿಗೆ ಆ ಖಾನೆಯೊಂದನ್ನು ದಯಪಾಲಿಸಬಾರದೆ?

ಇದು ನನ್ನ ಮೊಂಡುವಾದವಲ್ಲ. ಒಡಿಶಾದ ಜೇಪುರದಲ್ಲಿ ಸಿನಿಮಾ ಮಂದಿರದ ಕೆಲಸ ಮಾಡುತ್ತ ಬಿದ್ದು, ಎಡತೋಳನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬರ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದು ವಕೀಲರಿಗೆ ಗೊತ್ತು. 1975ರ ಡಿಸೆಂಬರಿನಲ್ಲಿ ಕೋರ್ಟು ಹೇಳಿದ್ದು ಇಷ್ಟು: ಬಡಗಿಗೆ ಒಂದೇ ಕೈಯಲ್ಲಿ ಬಡಗಿತನ ಮಾಡಲು ಬರುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು. 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೂ ಬಿಡಿಸಿ ಹೇಳಿತು. ಎಡಗೈ ಹೋದ ಚಾಲಕ ಅಥವಾ ಬಡಗಿಯ ದುಡಿಮೆಗೆ ಬೀಳುವ ಏಟು ಬೇರೆ, ಗುಮಾಸ್ತನಿಗೆ ಬೀಳುವುದು ಬೇರೆ. ಡಾಕ್ಟರು ಬರೆದ ಶೇಕಡಾವನ್ನು ಹಾಗೇ ದುಡಿಮೆಯ ನಷ್ಟವೆಂದು ಹಿಡಿಯಬಾರದು. ಆದರೆ ಈ ಮಾತೆಲ್ಲ ಮಾಲೀಕನ ಮೇಲೋ, ಗುದ್ದಿದ ಲಾರಿಯ ಮೇಲೋ ಪರಿಹಾರ ಕೇಳುವವರಿಗೆ. ಸ್ವಂತ ಎರಡು ಎಕರೆ ಉಳುವವನು ಯಾರ ಮೇಲೆ ದಾವೆ ಹಾಕಬೇಕು? 2016ರ ಕಾಯ್ದೆಯಲ್ಲೂ ಹಾಗೆಯೇ. ಅಂಗವಿಕಲ ನೌಕರನಿಗೆ ತಕ್ಕಂತೆ ಕೆಲಸದ ಜಾಗವನ್ನು ಹೊಂದಿಸಿಕೊಡಬೇಕು ಎಂದು ಅದು ಹೇಳುತ್ತದೆ. ನನ್ನ ಮಾಲೀಕ ನಾನೇ. ನಾನು ನನಗೆ ಅರ್ಜಿ ಕೊಟ್ಟುಕೊಂಡೆ, ಹಣವಿಲ್ಲವೆಂದು ತಿರಸ್ಕರಿಸಿದೆ.

ತಮ್ಮ ಹೊಸ್ತಿಲು ದಾಟಿದವರು ಸುಖವಾಗಿದ್ದಾರೆಂದು ಅಸೂಯೆ ಪಡುತ್ತಿದ್ದೇನೆಂದು ತಾವು ತಿಳಿಯಬಾರದು. ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಇದ್ದಾಳೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲು ಸಣ್ಣಗಾಗಿದೆ. ತಮ್ಮ ಕೃಪೆ ಅವಳಿಗೆ ಪೂರ್ತಿ ಇದೆ: ಪಿಂಚಣಿ ಬರುತ್ತದೆ, ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೂ ಬಂದಿದೆ. ಫೋಟೊ ತೆಗೆಸಿಕೊಳ್ಳುವ ದಿನ ಸಿಮೆಂಟ್ ರಸ್ತೆಯ ಮೇಲೆ ಅದು ಬಹಳ ಚೆನ್ನಾಗಿ ಓಡಿತು. ಅವಳ ಹೊಲ ಇರುವುದು ಎರೆಭೂಮಿಯಲ್ಲಿ. ಮಳೆ ಬಿದ್ದರೆ ಗಾಲಿಗೆ ಮಣ್ಣು ಅಂಟಿ ಮುದ್ದೆಯಾಗುತ್ತದೆ, ಬೇಸಿಗೆಯಲ್ಲಿ ಕಾಲಿಡುವಷ್ಟು ಬಿರುಕು. ಈಗ ಆ ಸೈಕಲ್ಲಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಅವಳು ಕೋಲೂರಿಕೊಂಡು ಬದುವಿನ ಮೇಲೆ ನಡೆದು ಹೋಗಿ, ಕೂತಲ್ಲೇ ಸರಿಯುತ್ತ ಕಳೆ ತೆಗೆಯುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಕಕ್ಕುಲಾತಿಯಿಂದ ಕೇಳುತ್ತಾರೆ: “ನಿನಗ್ಯಾಕಬೇ ಹೊಲದ ಉಸಾಬರಿ? ಪಿಂಚಣಿ ಬರ್ತದಲ್ಲ, ಸುಮ್ಮನ ಮನ್ಯಾಗ ಕುಂದರಬಾರದಾ?” ಅವಳ ಉತ್ತರ ಯಾವಾಗಲೂ ಒಂದೇ. “ಕುಂತರ ತೊಗರಿ ಬೆಳಿತದೇನೋ ಯಪ್ಪಾ?”

ಅವಳು ಕೇಳುವುದು ನೆಲದಿಂದ ಗೇಣುದ್ದ ಎತ್ತರದ, ಅಗಲ ಗಾಲಿಯ, ಸಾಲಿನ ನಡುವೆ ದೂಡಿಕೊಂಡು ಹೋಗಬಹುದಾದ ಒಂದು ಮಣೆ. ಅದು ಯಾವ ಯೋಜನೆಯ ಪಟ್ಟಿಯಲ್ಲೂ ಇಲ್ಲ. ಕೆಲಸ ನೋಡಿ ಸಾಧನ ಮಾಡುವ ಬುದ್ಧಿ ನಮ್ಮ ದೇಶಕ್ಕೆ ಇಲ್ಲವೆಂದಲ್ಲ. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾಕ್ಟರ್ ಪಿ.ಕೆ. ಸೇಠಿ ಸೇರಿ ರಬ್ಬರಿನ ಕಾಲು ಮಾಡಿದರು. ವಿಲಾಯತಿ ಕಾಲಿಗೆ ಬೂಟು ಬೇಕು, ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲಾಗದು, ಕೆಸರಿಗೆ ಇಳಿಯಲಾಗದು. ನಮ್ಮ ಜನ ಬರಿಗಾಲಲ್ಲಿ ಹೊಲದಲ್ಲಿ ನಡೆಯುತ್ತಾರೆ, ಅದಕ್ಕೊಪ್ಪುವ ಕಾಲು ಬೇಕು ಎಂದು ಅವರು ಯೋಚಿಸಿದರು. ಮನುಷ್ಯನಿಗೆ ಎಷ್ಟು ಕಾಲು ಕಡಿಮೆ ಎಂದು ಅಳೆದಷ್ಟೇ ಶ್ರದ್ಧೆಯಿಂದ ಅವನು ಎಲ್ಲಿ ನಡೆಯುತ್ತಾನೆ ಎಂದೂ ನೋಡಿದ್ದರು. ಐವತ್ತು ವರ್ಷ ಮೀರಿತು. ಕಾಲಿಗೆ ಆದದ್ದು ಕೈಗೆ, ಕುಂಟೆಗೆ, ಟ್ರ್ಯಾಕ್ಟರಿಗೆ ಇನ್ನೂ ಆಗಬೇಕಿದೆ.

ಟ್ರ್ಯಾಕ್ಟರೆಂದಾಗ ನೆನಪಾಯಿತು. ಜಹೀರಾಬಾದಿನಲ್ಲಿ ಮಹೀಂದ್ರಾದವರ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆಯಿದೆ, ನಮ್ಮ ಸೀಮೆಯ ಹೆಮ್ಮೆ. ಯಾವ ಕಂಪನಿಯದಾದರೂ ಸರಿ, ಟ್ರ್ಯಾಕ್ಟರಿನಲ್ಲಿ ಕ್ಲಚ್ ಎಡಗಾಲಿಗೆ, ಬ್ರೇಕು ಬಲಗಾಲಿಗೆ. ತಾಂಡೂರಿನಲ್ಲಿ ಫರಸಿ ಕಲ್ಲಿನ ಗಣಿಗೆ ಬೇಸಿಗೆಯ ಕೂಲಿಗೆ ಹೋಗಿ, ಚಪ್ಪಡಿ ಬಿದ್ದು ಎಡಪಾದ ಹೋದ ನೆಂಟನೊಬ್ಬ ನನಗಿದ್ದಾನೆ. ಕ್ಲಚ್ಚಿಗೊಂದು ಕಬ್ಬಿಣದ ಸಲಾಕೆ ಬೆಸೆಸಿ ಕೈಯಿಂದ ಎಳೆಯುವಂತೆ ಮಾಡಿಕೊಂಡು ಇವತ್ತಿಗೂ ಹೊಲ ಹೊಡೆಯುತ್ತಾನೆ. ಬೆಸೆದುಕೊಟ್ಟವನು ಬಾಗಿಲು, ಕಿಟಕಿ ಮಾಡುವ ಅಂಗಡಿಯವನು. ಅವನಿಗೆ ತಮ್ಮ ಹೆಸರೇ ಗೊತ್ತಿಲ್ಲ, ಕ್ಷಮಿಸಬೇಕು. ಬಂದವನನ್ನು ಸೀಟಿನ ಮೇಲೆ ಕೂರಿಸಿ, ಕೈ ಎಲ್ಲಿಗೆ ಎಟುಕುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದನಂತೆ. ನನ್ನ ಅಲ್ಪಬುದ್ಧಿಗೆ ಅದೇ ಸರಿಯಾದ ವೈದ್ಯಕೀಯ ಮಂಡಳಿಯಾಗಿ ಕಂಡಿತು. ಆದರೆ ಆ ಸಲಾಕೆ ಎಷ್ಟು ದಿನ ತಡೆಯುತ್ತದೆ, ಇಳಿಜಾರಿನಲ್ಲಿ ಕೈಕೊಟ್ಟರೇನು ಗತಿ ಎಂದು ನೋಡುವ ಎಂಜಿನಿಯರು ಅವನ ಪಾಲಿಗಿಲ್ಲ. ಒಂದು ಕಾಲು ಹೋದವನು ಇನ್ನೊಂದನ್ನು ಪಣಕ್ಕಿಟ್ಟು ಉಳುತ್ತಿದ್ದಾನೆ.

ಅದೇ ತಾಂಡೂರಿನ ತೊಗರಿಗೆ 2022ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿಯ ಆಳದ ಕಪ್ಪು ಮಣ್ಣು, ಅದರ ಜೇಡಿಯ ಗುಣ, ಕೆಳಗಿನ ಸುಣ್ಣದ ಕಲ್ಲು ಎಲ್ಲವನ್ನೂ ವಿಜ್ಞಾನಿಗಳು ಪರೀಕ್ಷಿಸಿ ಬೇಳೆಯ ರುಚಿಯ ಕಾರಣ ಬರೆದರು. ಕಾಳನ್ನು ಅರಿಯಲು ಹೊಲದವರೆಗೆ ಹೋಗಬೇಕು ಎಂಬುದು ಅವರಿಗೆ ಹೊಳೆದಿತ್ತು. ಬೆಳೆದವನನ್ನು ಅರಿಯಲು ಮಾತ್ರ ಅವನನ್ನು ದವಾಖಾನೆಗೆ ಕರೆಸುತ್ತಾರೆ.

ಹೊರದೇಶದ ಮಾತು ಎತ್ತಿದರೆ ತಮಗೆ ಬೇಸರವಾಗಬಹುದು, ಆದರೂ ಅರಿಕೆ ಮಾಡುತ್ತೇನೆ. ಅಮೆರಿಕದ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರುಗಳು 1979ರಲ್ಲಿ, ಕಾಲಿನ ಬಲ ಕಳೆದುಕೊಂಡ ರೈತ ಮತ್ತೆ ಟ್ರ್ಯಾಕ್ಟರ್ ಹತ್ತುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. ಅಂಥ ಕೆಲಸಗಳಿಂದ ಬೆಳೆದು 1990ರ ಅವರ ಕೃಷಿ ಮಸೂದೆಯಲ್ಲಿ ‘ಆಗ್ರ್‌ಎಬಿಲಿಟಿ’ ಎಂಬ ಕಾರ್ಯಕ್ರಮ ಸೇರಿತು. ಬಲ್ಲವರೊಬ್ಬರು ರೈತನ ಹೊಲಕ್ಕೆ, ಕೊಟ್ಟಿಗೆಗೆ ಬರುತ್ತಾರೆ. ದಿನವಿಡೀ ಏನೇನು ಮಾಡುತ್ತೀ ಎಂದು ಕೇಳುತ್ತಾರೆ. ಎಲ್ಲಿ ಮೆಟ್ಟಿಲು ಬೇಕು, ಎಲ್ಲಿ ಹಿಡಿಕೆ ಬೇಕು, ಯಾವ ಕೆಲಸ ಬಿಟ್ಟು ಯಾವುದು ಹಿಡಿಯಬಹುದು ಎಂದು ಬರೆದುಕೊಡುತ್ತಾರೆ. ಸ್ವರ್ಗವೇನಲ್ಲ: ಆ ಯೋಜನೆಯ ಹಣದಲ್ಲಿ ರೈತನಿಗೆ ಸಾಧನ ಕೊಡಿಸಲು ಬರುವುದಿಲ್ಲ, ಅದಕ್ಕೆ ಬೇರೆ ಬಾಗಿಲು ಬಡಿಯಬೇಕು. ಆದರೂ ಮೊದಲ ಪ್ರಶ್ನೆ ಕೆಲಸದ್ದು. ಆ ಬಾಗಿಲಲ್ಲಿ ತಮ್ಮಂಥ ದ್ವಾರಪಾಲಕರು ಕಾಣಲಿಲ್ಲ.

ಅಷ್ಟು ದೂರವೇಕೆ, ಜಹೀರಾಬಾದಿನ ಮಗ್ಗುಲಲ್ಲೇ ಪಸ್ತಾಪುರ ಇದೆ. 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಊರು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಓದು ಬರಹ ಬಾರದ ದಲಿತ ಹೆಣ್ಣುಮಕ್ಕಳು ಅಲ್ಲಿ ಒಂದೇ ತುಂಡು ಹೊಲದಲ್ಲಿ ಹತ್ತಾರು ಬೆಳೆ ಬೆಳ್ಳಿಯ ಹಾಗೆ ಜೋಪಾನ ಮಾಡುತ್ತಾರೆ, ಕ್ಯಾಮೆರಾ ಹಿಡಿದು ಚಿತ್ರ ತೆಗೆಯುತ್ತಾರೆ. 2008ರಿಂದ ಮಾಚನೂರಿನಲ್ಲಿ ಸಂಗಂ ರೇಡಿಯೊ ನಡೆಸುತ್ತಿದ್ದಾರೆ. ನಿಮಗೆ ಓದಲು ಬರುವುದು ಶೇಕಡಾ ಎಷ್ಟು ಎಂದು ಅವರನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದರೆ ಆ ರೇಡಿಯೊ ಇವತ್ತಿಗೂ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಗಡಿಯ ಜನ ನಾವು, ಕಡಿತದ ಲೆಕ್ಕ ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯನ್ನೇ ಮೂರು ತುಂಡು ಮಾಡಿದರು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ ಹೋದವು. ನಮ್ಮ ನಾರಾಯಣಖೇಡ, ಜಹೀರಾಬಾದಿನ ಹೆಚ್ಚಿನ ಭಾಗ ಆಂಧ್ರಕ್ಕೆ. ಗುಲಬರ್ಗಾದಿಂದ ತಾಂಡೂರು, ಕೊಡಂಗಲ್ ಕೂಡ ಅತ್ತಲೇ. ಆಗ ತಾವಿರಲಿಲ್ಲ, ಇದ್ದಿದ್ದರೆ ಬೀದರಿಗೆ ಎಷ್ಟು ಕೊಡುತ್ತಿದ್ದಿರೋ! ಇವತ್ತು ನನ್ನ ಹೆಂಡತಿಯ ತವರು ಕರ್ನಾಟಕ, ನನ್ನ ಹೊಲ ತೆಲಂಗಾಣ. ಆಚೆ 40ರಿಂದ 75ರವರೆಗೆ ಒಂದು ಮಾಸಾಶನ, 75 ದಾಟಿದರೆ ಇನ್ನೊಂದು. ಈಚೆ ಬೇರೆ ದರ. ಗಡಿ ದಾಟಿದರೆ ಮುರಿದ ಕಾಲಿನ ಬೆಲೆ ಬದಲಾಗುತ್ತದೆ, ಹೊಸ್ತಿಲಲ್ಲಿ ಕೂತವರು ಮಾತ್ರ ಎರಡೂ ಕಡೆ ತಾವೇ. ಗಡಿ ವಿವಾದ ಇಲ್ಲದ ಏಕೈಕ ಮಹನೀಯರು.

ಇಷ್ಟು ಬರೆದ ಮೇಲೆ ಕೆಲವು ಬಿನ್ನಹಗಳು. ತಮ್ಮನ್ನು ಪೀಠದಿಂದ ಇಳಿಯಿರಿ ಎನ್ನುವ ಉದ್ಧಟತನ ನನಗಿಲ್ಲ. ನೌಕರಿಯ ಮೀಸಲಿಗೆ, ಕಾಲೇಜಿನ ಸೀಟಿಗೆ ಒಂದು ಅಳತೆ ಬೇಕು, ಅಳತೆಯಿಲ್ಲದಿದ್ದರೆ ಕಳ್ಳ ಸರ್ಟಿಫಿಕೇಟಿನವರೇ ಮುಂದೆ ನಿಲ್ಲುತ್ತಾರೆ ಎಂಬುದೂ ಗೊತ್ತು. ಹೊಲದ ಬಾಗಿಲಿನಿಂದ ಮಾತ್ರ ಸ್ವಲ್ಪ ಸರಿದು ನಿಲ್ಲಬೇಕು. ತಮ್ಮ ಸರ್ಟಿಫಿಕೇಟಿನಲ್ಲಿ ಎತ್ತಿನ ಅರ್ಜಿಯಲ್ಲಿರುವಂಥ ಒಂದು ಖಾನೆ ಸೇರಲಿ: ಮಾಡುವ ಕೆಲಸ ಏನು, ಅದರಲ್ಲಿ ಈಗ ಯಾವುದು ಆಗುತ್ತಿಲ್ಲ. ರೈತು ಬೀಮಾದಲ್ಲಿ ಬದುಕಿ ಉಳಿದವರಿಗೂ ಒಂದು ಸಾಲು ಬರಲಿ. ಕಾಯ್ದೆಯ 37ನೇ ಕಲಮಿನಲ್ಲಿ ಕೃಷಿ ಜಮೀನು ಹಂಚುವಾಗ ಅಂಗವಿಕಲರಿಗೆ ಶೇ. 5ರಷ್ಟು, ಅದರಲ್ಲಿ ಹೆಣ್ಣುಮಕ್ಕಳಿಗೆ ಸೂಕ್ತ ಆದ್ಯತೆ ಎಂದು ಬರೆದಿದೆಯಲ್ಲ, ಕೊಡುವ ಜಮೀನು ಸಿಕ್ಕ ದಿನ ನಮ್ಮ ಓಣಿಯ ಅಕ್ಕನನ್ನೂ ನೆನೆಯಲಿ. ಜಮೀನಿನ ಜೊತೆ ಆ ಮಣೆಯನ್ನೂ ಕೊಡಲಿ.

ಇನ್ನೊಂದು, ಇದಕ್ಕೆ ಹೊಸ ಕಟ್ಟಡವೂ ಬೇಡ. ನಮ್ಮ ರಾಜ್ಯದಲ್ಲಿ ಐದೈದು ಸಾವಿರ ಎಕರೆಗೆ ಒಂದರಂತೆ 2,601 ರೈತು ವೇದಿಕೆಗಳನ್ನು ಕಟ್ಟಿದ್ದಾರೆ, ಒಂದೊಂದಕ್ಕೆ ಕೃಷಿ ವಿಸ್ತರಣಾಧಿಕಾರಿ ಇದ್ದಾರೆ. ಅಲ್ಲಿ ಒಂದು ಗೋಡೆಗೆ ಬಳೆ ಹಾಕಿದ ಕುಡುಗೋಲು, ಮುಂಗೈಗೆ ಕಟ್ಟುವ ಪಟ್ಟಿಯ ಕುರ್ಪಿ, ಒಂದೇ ಕೈಯಲ್ಲಿ ನಡೆಯುವ ಬ್ಯಾಟರಿ ಪಂಪು, ಕಲಬುರಗಿ ಕಡೆ ಬಳಕೆಗೆ ಬಂದಿರುವ ತೊಗರಿ ಕುಡಿ ಚಿವುಟುವ ಯಂತ್ರ, ಇವನ್ನು ತೂಗುಹಾಕಲಿ. ಬೇಕಾದವರು ಒಯ್ದು ಒಂದು ಹಂಗಾಮು ಪರೀಕ್ಷಿಸಿ ನೋಡಲಿ. ವರ್ಷಕ್ಕೊಮ್ಮೆ ಒಬ್ಬ ಎಂಜಿನಿಯರು, ಒಬ್ಬ ವೆಲ್ಡಿಂಗಿನವನು ಊರಿಗೆ ಬರಲಿ. ಬಂದವರು ನಮ್ಮ ಕೈ ನೋಡುವ ಮೊದಲು ನಮ್ಮ ಕೂರಿಗೆ ನೋಡಲಿ.

ತಾವೇ ಒಮ್ಮೆ ದಯಮಾಡಿಸಿದರೆ ಇನ್ನೂ ಸಂತೋಷ. ಜಹೀರಾಬಾದಿಗೆ ರೈಲಿದೆ, ಅಲ್ಲಿಂದ ಮುಂದೆ ಬಸ್ಸು ಸಿಗುತ್ತದೆ, ಬಸ್ಸಿನಿಂದ ಹೊಲಕ್ಕೆ ನಡೆಯಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ ಇರುತ್ತದೆ. ಕೈಯಿಂದ ಉಣ್ಣಲು ತಮಗೆ ಬರುತ್ತದೆಯೇ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಬರುವುದಾದರೆ ಮೃಗಶಿರಾ ಮಳೆಗೆ ಮೊದಲೇ ಬರಬೇಕು. ಅದು ಜೂನ್ 7, 8ರ ಸುಮಾರಿಗೆ ಹುಟ್ಟುತ್ತದೆ. ಹದ ಬಿದ್ದ ಮೇಲೆ ಬಿತ್ತನೆಗೆ ನಾಲ್ಕಾರು ದಿನವಷ್ಟೇ ಇರುತ್ತದೆ, ಆಗ ತಮ್ಮ ಜೊತೆ ಮಾತಾಡಲು ನನಗೆ ಪುರುಸೊತ್ತಿರುವುದಿಲ್ಲ.

ಇತಿ ತಮ್ಮ ವಿಧೇಯ,
ಶೇಕಡಾ ಮೂವತ್ತೊಂದು